ದಾಖಲಾತಿ ವಹಿಯಲ್ಲಿ ಕಂಡ ಚರಿತ್ರೆ

ಶಾಲೆಯ ಚರಿತ್ರೆ ಬರೆಯುವಾಗ ಕಟ್ಟಡ, ದಾನಿಗಳು, ಮುಖ್ಯೋಪಾಧ್ಯಾಯರ ಹೆಸರುಗಳು ಮೊದಲು ಬರುತ್ತವೆ. ಈ ಸಂಚಿಕೆಗಾಗಿ ಹಳೆಯ ದಾಖಲಾತಿ ವಹಿಗಳನ್ನು ತೆರೆದು ಕುಳಿತಾಗ ನನಗೆ ಕಂಡದ್ದು ಊರಿನ ಮನೆಗಳ ಚರಿತ್ರೆ. ನಾವಿನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದ ವಹಿಗಳಲ್ಲಿ ಒಬ್ಬನೇ ತಂದೆಯ ಹೆಸರು ಎರಡು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಬರುತ್ತದೆ: ಅಣ್ಣ, ತಮ್ಮ, ತಂಗಿ, ಮತ್ತೊಬ್ಬ ತಮ್ಮ. "ಇವನ ಬೆನ್ನಿಗೆ ಇನ್ನೂ ಎಷ್ಟ ಮಂದಿ ಅದಾರ?" ಎಂದು ಮಾಸ್ತರರು ನಗುತ್ತ ಕೇಳುತ್ತಿದ್ದರು. 1997ರಲ್ಲಿ ಗದಗ ಜಿಲ್ಲೆಯಾಯಿತು. ಆಮೇಲಿನ ವಹಿಗಳಲ್ಲಿ ಒಂದು ಮನೆಯ ಹೆಸರು ಒಮ್ಮೆ, ಹೆಚ್ಚೆಂದರೆ ಎರಡು ಸಲ ಬಂದು ಮುಗಿಯುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೂ ಇದನ್ನೇ. 1992-93ರಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ ಹೆಚ್ಚುಕಡಿಮೆ ಮೂರು ಮಕ್ಕಳು, 2019-21ರಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು ಸುಮಾರು 2.1 ಬೇಕು. ಕೆಂಪು ತ್ರಿಕೋನದ ಗೋಡೆಬರಹ, ಆಪರೇಶನ್ ಕ್ಯಾಂಪುಗಳು ನಮ್ಮ ಹಿರಿಯರಿಗೆ ನೆನಪಿವೆ. ಆದರೆ ದೊಡ್ಡ ಕಾರಣ ಹೆಣ್ಣುಮಕ್ಕಳ ಓದು ಎಂದು ನನ್ನ ಎಣಿಕೆ. ಇದೇ ಬೆಂಚುಗಳ ಮೇಲೆ ಕುಳಿತು ಎಸ್ಸೆಸ್ಸೆಲ್ಸಿ ಮುಗಿಸಿದವರು ತಡವಾಗಿ ಮದುವೆಯಾದರು, ಒಂದೆರಡು ಮಕ್ಕಳಿಗೆ ಸಾಕೆಂದರು. ಶಾಲೆ ತನ್ನ ಕೆಲಸ ಚೆನ್ನಾಗಿ ಮಾಡಿದ್ದರಿಂದಲೇ ಅದರ ಬೆಂಚು ಖಾಲಿಯಾಯಿತು ಎನ್ನಬೇಕೇನೋ!

ಎಲ್ಲವನ್ನೂ ಜನನದ ಲೆಕ್ಕಕ್ಕೆ ಹಾಕುವುದೂ ಸರಿಯಲ್ಲ. ಲಕ್ಷ್ಮೇಶ್ವರ, ಗದಗಿನ ಇಂಗ್ಲಿಷ್ ಮಾಧ್ಯಮ ಶಾಲೆಗಳ ಬಸ್ಸು ಊರೊಳಗೇ ಬರುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದವರು ಮಕ್ಕಳನ್ನೂ ಕರೆದೊಯ್ಯುತ್ತಾರೆ. ಮೊದಲೇ ಕಡಿಮೆಯಿರುವ ಮಕ್ಕಳು ಹೀಗೆ ಹಂಚಿಹೋಗುತ್ತಾರೆ.

ಇದರ ಪೆಟ್ಟು ಬೀಳುವುದು ಹುದ್ದೆಗಳ ಮೇಲೆ. ಸರಕಾರಿ ಶಾಲೆಯಲ್ಲಿ ಹುದ್ದೆ ನಿಲ್ಲುವುದು ಮಕ್ಕಳ ಸಂಖ್ಯೆಯ ಮೇಲೆ. 'ಬಿ' ವಿಭಾಗ ಮುಚ್ಚಿದರೆ ಒಂದೇ ವಿಷಯದ ಇಬ್ಬರು ಶಿಕ್ಷಕರಲ್ಲಿ ಒಬ್ಬರು 'ಹೆಚ್ಚುವರಿ' ಆಗುತ್ತಾರೆ. ಹತ್ತಾರು ವರ್ಷ ಪಾಠ ಹೇಳಿದವರಿಗೆ ಆ ಶಬ್ದ ಎಷ್ಟು ಚುಚ್ಚುತ್ತದೆಂದು ಸ್ಟಾಫ್ ರೂಮಿನಲ್ಲಿ ಕುಳಿತವರಿಗೇ ಗೊತ್ತು. ತಪ್ಪು ಅವರದಲ್ಲ. ಒಂದೆಡೆ ಹೆಚ್ಚುವರಿ, ಇನ್ನೊಂದೆಡೆ ಖಾಲಿ ಹುದ್ದೆ, ಅಲ್ಲಿ ಅತಿಥಿ ಶಿಕ್ಷಕರು: ಇದು ಈಗ ಒಟ್ಟೊಟ್ಟಿಗೇ ನಡೆಯುತ್ತಿದೆ. ಕೇರಳ ಇದನ್ನು ನಮಗಿಂತ ಮೊದಲೇ ಕಂಡಿತು. ಅಲ್ಲಿ ಜನನ ಪ್ರಮಾಣ 1980ರ ದಶಕದ ಕೊನೆಗೇ ಇಳಿದಿತ್ತು. ಮಕ್ಕಳಿಲ್ಲದೆ ಹುದ್ದೆ ಕಳೆದುಕೊಂಡ ಅನುದಾನಿತ ಶಾಲೆಗಳ ಶಿಕ್ಷಕರನ್ನು 'ಸಂರಕ್ಷಿತ'ರೆಂದು ಬೇರೆ ಶಾಲೆಗಳಿಗೆ ಕಳಿಸಿದರು.

2012ರಲ್ಲಿ ಹುಟ್ಟಿದ ಕೂಸು ಎಂಟನೇ ತರಗತಿಗೆ ಬರುವುದು 2025ರ ಹೊತ್ತಿಗೆ. ಹಾಗಾಗಿ ಮುಂದಿನ ಹತ್ತು ವರ್ಷ ಈ ಶಾಲೆಗೆ ಬರಬೇಕಾದ ಮಕ್ಕಳು ಆಗಲೇ ಹುಟ್ಟಿಯಾಗಿದೆ. ಅವರ ಹೆಸರುಗಳು ನಮ್ಮೂರ ಅಂಗನವಾಡಿಯ ಹಾಜರಿಯಲ್ಲಿ, ಪಕ್ಕದ ಕನ್ನಡ ಶಾಲೆಯ ಹಾಜರಿಯಲ್ಲಿ ಇವೆ. ಹೋದ ವಾರ ಎರಡನ್ನೂ ನೋಡಿ ಬಂದೆ. ಎಣಿಸಲು ಬಹಳ ಹೊತ್ತು ಹಿಡಿಯಲಿಲ್ಲ.