ಗಾಳಿಗಿಡದ ಬಾಯಾರಿಕೆ

ಕೃಷ್ಣಗಿರಿಯ ಮಾವಿನ ತೋಪಿನಲ್ಲಿ ಬಂದಳಿಕೆ ಕಂಡರೆ ಕೊಂಬೆಸಹಿತ ಕಡಿಯುತ್ತೇವೆ. ತಮಿಳಿನಲ್ಲಿ ಪುಲ್ಲುರುವಿ, ಮರದ ರಸ ಹೀರುವ ಗಿಡ. ಮನೆಗಳಲ್ಲಿ ತೂಗುಹಾಕುವ ಅಮೆರಿಕಾ ಮೂಲದ ಗಾಳಿಗಿಡ ಆ ಪೈಕಿಯದಲ್ಲ. ಅದು ಅನಾನಸಿನ ನಂಟ, ಮರ ಅದಕ್ಕೆ ಬರೀ ಆಸರೆ.

ಅದರ ಹೆಸರಿನಲ್ಲೇ ಒಂದು ತಪ್ಪು ಅಡಗಿದೆ. 17ನೆಯ ಶತಮಾನದ ಪಂಡಿತ ಎಲಿಯಾಸ್ ಟಿಲಾಂಡ್ಸ್ ಸಮುದ್ರಯಾನಕ್ಕೆ ಹೆದರಿ, ಬಾಥ್ನಿಯಾ ಕೊಲ್ಲಿಯನ್ನು ನೆಲದ ಮೇಲೆಯೇ ಸುತ್ತಿ ನಡೆದನಂತೆ. ಗಿಡಕ್ಕೂ ನೀರು ಆಗದೆಂದು ಬಗೆದು ಲಿನೇಯಸ್ ಮುಂದಿನ ಶತಮಾನದಲ್ಲಿ ಅದಕ್ಕೆ ಟಿಲಾಂಡ್ಸಿಯ ಎಂದು ಹೆಸರಿಟ್ಟ. ಪಾಪ, ಅದು ಎಲೆಯ ಮೇಲಿನ ಸಣ್ಣ ಹುರುಪೆಗಳಿಂದ ನೀರು ಕುಡಿಯುತ್ತದೆ! ಗಾಳಿಯೇ ಸಾಕೆಂದು ನಂಬಿದವರ ಮನೆಯಲ್ಲಿ ಬಾಯಾರಿ ಸಾಯುತ್ತದೆ.

ಮಣ್ಣು ಬೇಡ. ಮರದ ತುಂಡಿಗೆ ದಾರದಿಂದ ಕಟ್ಟಿ, ವಾರಕ್ಕೊಮ್ಮೆ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ. ನಮ್ಮ ಬೇಸಿಗೆಯಲ್ಲಿ ಎರಡು ಸಲ. ಆಮೇಲೆ ತಲೆಕೆಳಗೆ ಹಿಡಿದು ಸುಳಿಯ ನೀರನ್ನು ಬಸಿಯಿರಿ, ಇಲ್ಲವಾದರೆ ಕೊಳೆಯುತ್ತದೆ.