ಕಲ್ಲುಗಳು ಹೇಳುವ ಚರಿತ್ರೆ: ರೇಗೆನ್ಸ್‌ಬುರ್ಗಿನಲ್ಲಿ ಮೊದಲನೆಯ ದಿನ

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಡ್ಯಾನ್ಯೂಬ್ ನದಿಯ ದಡದ ಮೇಲೆ, ರೇಗೆನ್ಸ್‌ಬುರ್ಗ್ ಎಂಬ ಪುರಾತನ ಪಟ್ಟಣವಿದೆ. ಇದರ ಚರಿತ್ರೆಯನ್ನು ಅರಿಯಬಯಸುವವರಿಗೆ ಒಂದು ದಿನದ ಬಿಡುವೂ, ನಡೆಯುವ ಕಾಲೂ, ನೋಡುವ ಕಣ್ಣೂ ಇದ್ದರೆ ಸಾಕು. ಊರಿನ ಕಲ್ಲುಗಳೇ ಮಿಕ್ಕದ್ದನ್ನು ಹೇಳುತ್ತವೆ.

ಹೊಸಬರು ಮೊದಲು ನೋಡತಕ್ಕದ್ದು ಕಲ್ಲಿನ ಸೇತುವೆಯನ್ನು. 1135ರಲ್ಲಿ ಆರಂಭವಾದ ಈ ಕೆಲಸವು 1146ರಲ್ಲಿ 16 ಕಮಾನುಗಳೊಡನೆ ಮುಗಿಯಿತು. ಮರುವರ್ಷವೇ ಮೂರನೆಯ ಕಾನ್ರಾಡ್ ದೊರೆಯು ಎರಡನೆಯ ಕ್ರೈಸ್ತ ಧರ್ಮಯುದ್ಧಕ್ಕೆ ಈ ಊರಿನಿಂದ ಸೈನ್ಯಸಮೇತನಾಗಿ ಹೊರಟನು. ಸೇತುವೆಯ ಶಿಲ್ಪಿಯು ದೇವಾಲಯದ ಶಿಲ್ಪಿಯೊಡನೆ ಪಂತ ಕಟ್ಟಿ, ಗೆಲ್ಲುವುದಕ್ಕಾಗಿ ಸೈತಾನನ ನೆರವು ಪಡೆದನೆಂದು ಐತಿಹ್ಯ. ಮೊದಲು ದಾಟುವ ಜೀವಗಳು ಸೈತಾನನ ಪಾಲೆಂದು ಒಪ್ಪಂದವಾಗಿರಲು, ಶಿಲ್ಪಿಯು ಹುಂಜ, ಹೇಂಟೆ, ನಾಯಿಗಳನ್ನು ಅಟ್ಟಿ ಅವನನ್ನು ವಂಚಿಸಿದನಂತೆ! ಕಥೆ ಸೊಗಸಾದುದೇ, ಕಾಲಗಣನೆ ಮಾತ್ರ ಒಪ್ಪುವುದಿಲ್ಲ. ಈಗಿನ ಸಂತ ಪೀಟರನ ದೇವಾಲಯವು ಆರಂಭವಾದದ್ದು ಸೇತುವೆ ಮುಗಿದು ನೂರು ವರ್ಷಗಳು ಸಂದ ಮೇಲೆ. ಅದರ ಜೋಡಿ ಶಿಖರಗಳು ಪೂರ್ತಿಯಾದದ್ದು 19ನೆಯ ಶತಮಾನದಲ್ಲಿ.

ದೇವಾಲಯದಿಂದ ನಾಲ್ಕು ಹೆಜ್ಜೆ ನಡೆದರೆ ರೋಮನರ ಕೋಟೆಯ ಉತ್ತರದ ಬಾಗಿಲು ಕಾಣುತ್ತದೆ. ಮಾರ್ಕಸ್ ಆರೀಲಿಯಸ್ ಚಕ್ರವರ್ತಿಯ ಆಳ್ವಿಕೆಯಲ್ಲಿ, ಕ್ರಿ.ಶ. 179ರಲ್ಲಿ, ಈ ಕೋಟೆಯು ಸಿದ್ಧವಾಯಿತು. ಬಾಗಿಲಿನ ಒಂದು ಕಮಾನೂ ಒಂದು ಗೋಪುರವೂ ಈಚಿನ ಕಟ್ಟಡದ ಗೋಡೆಯಲ್ಲಿ ಸೇರಿಕೊಂಡು ಇಂದಿಗೂ ನಿಂತಿವೆ.

ಮುಂದೆ ಹಳೆಯ ಪುರಭವನ. 1663ರಿಂದ 1806ರವರೆಗೆ ಪವಿತ್ರ ರೋಮನ್ ಸಾಮ್ರಾಜ್ಯದ ಮಹಾಸಭೆಯು ಇಲ್ಲಿಯೇ ನೆರೆಯುತ್ತಿತ್ತು. ಮೇಲೆ ರಾಜಪ್ರತಿನಿಧಿಗಳ ಆಸನಗಳು; ಕೆಳಗೆ ಆಪಾದಿತರನ್ನು ಹಿಂಸಿಸಿ ಪ್ರಶ್ನಿಸುತ್ತಿದ್ದ ಕತ್ತಲೆಯ ಕೋಣೆ. ಒಂದೇ ಸೂರಿನ ಅಡಿಯ ಈ ಎರಡನ್ನೂ ನೋಡಿಯೇ ಹೊರಡಬೇಕು. ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ತನಗೆ ಬರಬೇಕಾಗಿದ್ದ ಹಣವನ್ನು ಕೇಳಲು 1630ರಲ್ಲಿ ಈ ಊರಿಗೆ ಬಂದು, ನವೆಂಬರ್ 15ರಂದು ಇಲ್ಲಿಯೇ ತೀರಿಕೊಂಡನು. ಅವನ ಸಮಾಧಿಯೂ ಮೂವತ್ತು ವರ್ಷಗಳ ಯುದ್ಧದಲ್ಲಿ ಅಳಿದುಹೋಯಿತು.

ನಾಯ್‌ಫಾರ್‌ಪ್ಲಾಟ್ಸ್ ಎಂಬ ವಿಶಾಲವಾದ ಚೌಕದಲ್ಲಿ ಹಿಂದೆ ಯಹೂದಿಗಳ ಕೇರಿಯಿತ್ತು. ಅವರಿಗೆ ಆಶ್ರಯವಿತ್ತಿದ್ದ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯು 1519ರ ಜನವರಿಯಲ್ಲಿ ಮಡಿದೊಡನೆ, ಮರುತಿಂಗಳೇ ನಗರಸಭೆಯು ಅವರನ್ನು ಹೊರದೂಡಿ ಪ್ರಾರ್ಥನಾಮಂದಿರವನ್ನು ಕೆಡವಿಸಿತು. ಸಭಾಸದನಾಗಿದ್ದ ಆಲ್ಟ್‌ಡೋರ್ಫರ್ ಎಂಬ ಚಿತ್ರಕಾರನು ಕೆಡಹುವ ಮುನ್ನ ಅದರ ಚಿತ್ರಗಳನ್ನು ಬರೆದಿಟ್ಟನು. ಕೆಡಹಿದವರ ಗುಂಪಿನವನ ಕೈಯಿಂದಲೇ ಅದರ ರೂಪವು ನಮಗೆ ಉಳಿಯಿತು! ಯಹೂದಿಗಳ ಗೋರಿಕಲ್ಲುಗಳನ್ನು ಊರವರು ತಮ್ಮ ಮನೆಗಳ ಗೋಡೆಗೆ ಕೂಡಿಸಿಕೊಂಡರು. ಕೆಲವು ಇಂದಿಗೂ ಅಲ್ಲಿವೆ.

1945ರ ಏಪ್ರಿಲ್ 23ರಂದು, ಅಮೆರಿಕದ ಸೈನ್ಯವು ಸಮೀಪಿಸುತ್ತಿರಲು, ಹಿಮ್ಮೆಟ್ಟುತ್ತಿದ್ದ ಜರ್ಮನ್ ಪಡೆಯೇ ಸೇತುವೆಯ ಕಮಾನುಗಳನ್ನು ಸಿಡಿಸಿತು. ಅದೇ ದಿನ ಊರನ್ನು ಕಾಳಗವಿಲ್ಲದೆ ಒಪ್ಪಿಸಬೇಕೆಂದು ಹೆಂಗಸರೂ ಗಂಡಸರೂ ಚೌಕವೊಂದರಲ್ಲಿ ನೆರೆದರು. ಅವರ ಪರವಾಗಿ ಮಾತೆತ್ತಿದ ದೇವಾಲಯದ ಬೋಧಕ ಯೋಹಾನ್ ಮಾಯರನನ್ನು ಮರುದಿನ ಗಲ್ಲಿಗೇರಿಸಿದರು. ಮೂರು ದಿನಗಳು ಕಳೆದ ಮೇಲೆ, 27ರಂದು, ಊರು ಕಾಳಗವಿಲ್ಲದೆಯೇ ಶರಣಾಯಿತು. ಸೇತುವೆಯನ್ನು ಮತ್ತೆ ಸರಿಪಡಿಸಿದರು. 2006ರಲ್ಲಿ ಈ ಹಳೆಯ ಪಟ್ಟಣವು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅದರ ಬೀದಿಗಳಲ್ಲಿ ಅಡ್ಡಾಡುವವರು ಮಾಯರನು ಕೇಳಿದ್ದು ಏನನ್ನೆಂಬುದನ್ನು ನೆನೆಯುವುದು ಉಚಿತ.