ರಾಮರಾಯನನ್ನು ಮತ್ತೆ ಓದುವುದು

ಹಂಪಿ ಬಜಾರಿನ ಪಶ್ಚಿಮ ತುದಿಯಲ್ಲಿ ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. 1565ರಲ್ಲಿ ರಾಮರಾಯ ಮುನ್ನಡೆಸಿದ ವಿಜಯನಗರ ದಖ್ಖನ್ನಿನ ಸುಲ್ತಾನರಿಗೆ ಸೋತ ನಂತರ ಇಲ್ಲಿ ಒಂದು ಗುಡಿಯೂ ಉಳಿಯಲಿಲ್ಲ ಎಂಬ ಕಥೆ ಕೇಳಿ ಬಂದವರಿಗೆ ಇದೇ ಮೊದಲ ತಕರಾರು. ಎರಡನೆಯದು, ಎರಡನೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅವನ ಸೇವೆಯಲ್ಲಿದ್ದ ಅಹಮದ್ ಖಾನ್ ಇದೇ ರಾಜಧಾನಿಯೊಳಗೆ ಕಟ್ಟಿಸಿದ ಮಸೀದಿ. ಕಲ್ಲುಗಳ ಈ ಸಾಕ್ಷ್ಯಕ್ಕೆ ರಂಗಭೂಮಿ ಕಿವಿಗೊಡಲು ಬಹಳ ಕಾಲ ಹಿಡಿಯಿತು.

ಕಾರಣದ ಒಂದು ತುದಿ ಬಳ್ಳಾರಿಯಲ್ಲಿದೆ. ಅಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದ. ಪೇಸ್, ನೂನಿಜರ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದದ್ದು ಅವನ ದೊಡ್ಡ ಕೆಲಸ. ಆದರೆ ಜನರ ತಲೆಯಲ್ಲಿ ಉಳಿದದ್ದು ಅವನ ಇನ್ನೊಂದು ಮಾತು: ವಿಜಯನಗರವೆಂದರೆ ಮುಸ್ಲಿಂ ದಂಡಯಾತ್ರೆಗೆ ಅಡ್ಡಲಾಗಿ ನಿಂತ ಹಿಂದೂ ಕೋಟೆ.

ಸರಿಸುಮಾರು ಅದೇ ಕಾಲದಲ್ಲಿ ಈ ವಸ್ತು ರಂಗಕ್ಕೇರಿತು. ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ವಕೀಲರಾಗಿದ್ದ ಕೋಲಾಚಲಂ ಶ್ರೀನಿವಾಸರಾವ್ (1854–1919) ವಿಜಯನಗರದ ಪತನವನ್ನು ತೆಲುಗಿನಲ್ಲಿ ನಾಟಕವಾಗಿಸಿದರು. ಇಂಗ್ಲಿಷರ ಆಳ್ವಿಕೆಯಲ್ಲಿ ರಾಜ್ಯ ಕಳೆದುಕೊಂಡ ನೋವನ್ನು ನೇರವಾಗಿ ಆಡುವುದು ಸುಲಭವಿರಲಿಲ್ಲ. ಆ ಕಾಲದ ಐತಿಹಾಸಿಕ ನಾಟಕಗಳು ಅದನ್ನು ಹಿಂದಿನ ಶತಮಾನಗಳಿಗೆ ಸಾಗಿಸಿ ಆಡಿದವು. ಹಾಗೆ ಸಾಗಿಸುವಾಗ ವೈರಿಯ ಜಾಗದಲ್ಲಿ ಇಂಗ್ಲಿಷ್ ದೊರೆಗಳ ಬದಲು ಸುಲ್ತಾನರು ಬಂದು ನಿಂತರು. ವಸಾಹತೋತ್ತರ ಓದು ಮೊದಲು ಕೈಯಿಡಬೇಕಾದದ್ದು ಇಲ್ಲೇ. ತಮಾಷೆಯೆಂದರೆ, ನಟ ಬಳ್ಳಾರಿ ರಾಘವರ (1880–1946) ಹೆಸರಿಗೆ ಅಂಟಿಕೊಂಡದ್ದು ಈ ನಾಟಕದ ಪಠಾಣ ರುಸ್ತುಮನ ಪಾತ್ರ.

ಬೇರೆಡೆ ಇಂಥ ಓದಿಗೆ ಬಹುಕಾಲ ಗರಡಿಯಾದದ್ದು ಶೇಕ್ಸ್‌ಪಿಯರನ ‘ಟೆಂಪೆಸ್ಟ್’. 1950ರಲ್ಲಿ ಮನೋವಿಶ್ಲೇಷಕ ಮನೋನಿ ಮಡಗಾಸ್ಕರಿನ ಆಳುವವರನ್ನೂ ಆಳಿಸಿಕೊಂಡವರನ್ನೂ ಅದರ ಪಾತ್ರಗಳ ಮೂಲಕ ವಿವರಿಸಿದ. ಮಾರ್ಟಿನೀಕಿನ ಎಮೆ ಸೆಸೇರ್ 1969ರಲ್ಲಿ ನಾಟಕವನ್ನೇ ತಿರುಗಿ ಬರೆದು ಅದರಲ್ಲಿ ಆಳಾಗಿದ್ದ ಕ್ಯಾಲಿಬನ್ನನ ಬಾಯಿಗೆ ಬಿಡುಗಡೆಯ ಮಾತು ಕೊಟ್ಟ. ಕುವೆಂಪು ಇದೇ ನಾಟಕವನ್ನು 1930ರಲ್ಲೇ ‘ಬಿರುಗಾಳಿ’ಯಾಗಿಸಿ ಕನ್ನಡಕ್ಕೆ ಒಗ್ಗಿಸಿದ್ದರು, ಆದರೆ ಅವರ ಉದ್ದೇಶ ಬೇರೆ.

ಹಂಪಿಯ ವಿಷಯದಲ್ಲಿ ದಾರಿ ತೆರೆದವರು ಚರಿತ್ರಕಾರರು. ಫಿಲಿಪ್ ವ್ಯಾಗನರ್ 1996ರಲ್ಲಿ ಅರಸರ ‘ಹಿಂದೂರಾಯ ಸುರತ್ರಾಣ’ (ಹಿಂದೂ ರಾಜರಲ್ಲಿ ಸುಲ್ತಾನ) ಬಿರುದನ್ನೂ ಆಸ್ಥಾನದ ಕುಲ್ಲಾಯಿ ಟೊಪ್ಪಿಗೆ, ಕಬಾಯಿ ನಿಲುವಂಗಿಗಳನ್ನೂ ಮುಂದಿಟ್ಟರು: ರಾಯರು ಸುಲ್ತಾನರ ಲೋಕದ ಉಡುಪು, ಪದವಿಗಳನ್ನು ತಮ್ಮದಾಗಿಸಿಕೊಂಡಿದ್ದರು. 2005ರಲ್ಲಿ ರಿಚರ್ಡ್ ಈಟನ್ ರಾಮರಾಯನನ್ನು ಧರ್ಮರಕ್ಷಕನ ಪೀಠದಿಂದ ಇಳಿಸಿ, ಚಾಲುಕ್ಯರ ಹಳೆಯ ರಾಜಧಾನಿ ಕಲ್ಯಾಣದ ಮೇಲೆ ಕಣ್ಣಿಟ್ಟಿದ್ದ ದಖ್ಖನ್ನಿನ ರಾಜಕಾರಣಿಯಾಗಿ ನೋಡಿದರು. ಇತ್ತ ಹಂಪಿಯಲ್ಲಿ 1991ರಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯದಲ್ಲಿ ರಹಮತ್ ತರೀಕೆರೆ ಅವರಂಥವರು ಕರ್ನಾಟಕದ ಸೂಫಿಗಳ ಜಾಡು ಹಿಡಿದು ಧರ್ಮಗಳ ಕೊಡುಕೊಳ್ಳುವಿಕೆಯನ್ನು ಕನ್ನಡದಲ್ಲೇ ಬರೆದರು.

ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (2018) ಈ ನೆಲದ ಮೇಲೆ ನಿಂತಿತು. ಕೃಷ್ಣಾ ದಂಡೆಯ ಎರಡು ಊರುಗಳ ಹೆಸರು ಹೊತ್ತ ಈ ನಾಟಕದಲ್ಲಿ ಯುದ್ಧಕ್ಕೆ ಕಾರಣ ಧರ್ಮದ್ವೇಷವಲ್ಲ. ರಾಮರಾಯ ಕೃಷ್ಣದೇವರಾಯನ ಅಳಿಯ, ಸಿಂಹಾಸನ ಮಾತ್ರ ಅವನದಲ್ಲ. ಬಿಜಾಪುರದ ಅಲಿ ಆದಿಲಶಾಹನನ್ನು ಮಗನೆಂದು ಒಪ್ಪಿಕೊಂಡವನೂ ಅವನೇ. ಮನೆಯೊಳಗಿನ ಮುನಿಸು ರಣರಂಗಕ್ಕೆ ಇಳಿಯುತ್ತದೆ. ಸಿವೆಲ್ ಕಟ್ಟಿದ ಚೌಕಟ್ಟು ಇಲ್ಲಿ ಮುರಿದಿದೆ, ನಿಜ. ಆದರೂ ಕಥೆ ಅರಮನೆಯ ಹೊಸ್ತಿಲು ದಾಟುವುದು ಕಡಿಮೆ. ಬಜಾರಿನಲ್ಲಿ ಸರಕು ಮಾರುತ್ತಿದ್ದವರಿಗೆ ಆ ಸೋಲು ಏನಾಗಿತ್ತೆಂಬ ಪ್ರಶ್ನೆ ಹೊರಗೇ ಉಳಿಯುತ್ತದೆ.

ಕೋಲಾಚಲಂ ನಾಟಕವನ್ನು ಕನ್ನಡ ವಿಮರ್ಶೆ ಇನ್ನೂ ತನ್ನದೆಂದು ಎತ್ತಿಕೊಳ್ಳಬೇಕಿದೆ. 1953ರಲ್ಲಿ ಬಳ್ಳಾರಿ ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ತೆಲುಗು, ಕನ್ನಡ ಎರಡೂ ಭಾಷೆಯ ಅಲ್ಲಿನ ರಂಗಭೂಮಿ ಎರಡು ರಾಜ್ಯಗಳ ಸಾಹಿತ್ಯ ಚರಿತ್ರೆಗಳ ನಡುವೆ ಹಂಚಿಹೋಯಿತು.

ಇನ್ನು ವಿಜಯನಗರಕ್ಕೂ ಮೊದಲು ಹಂಪಿಯ ನೆರೆಯಲ್ಲಿದ್ದ ಕಂಪ್ಲಿ ರಾಜ್ಯ. ದೆಹಲಿಯ ಮಹಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟು, ಅಲ್ಲಿನ ಅರಸ ಕಂಪಿಲರಾಯ 1327ರಲ್ಲಿ ಹೋರಾಡಿ ಸತ್ತ. ಅವನ ಮಗ ಕುಮಾರರಾಮನ ಕಥೆ ಹೇಳುವ ಸಾಂಗತ್ಯ ಕಾವ್ಯದಲ್ಲಿ ಆ ಅತಿಥಿಯ ಹೆಸರು ಬಹಾದೂರಖಾನ. ಮರೆಹೊಕ್ಕ ತುರುಕನಿಗಾಗಿ ರಾಜ್ಯವನ್ನೇ ಪಣವಿಟ್ಟ ಈ ಕಥೆಯನ್ನು ಹಾಡಿ ಆಡಿದವರು ಯಾವ ಕಲೆಕ್ಟರನ ಪುಸ್ತಕಕ್ಕೂ ಕಾಯಲಿಲ್ಲ. ಕಾರ್ನಾಡರ ‘ತುಘಲಕ್’ (1964) ಶುರುವಾಗುವುದೂ 1327ರಲ್ಲೇ, ದೆಹಲಿಯಲ್ಲಿ. ಕುಮಾರರಾಮನ ಬಯಲಾಟವನ್ನು ಅದರ ಪಕ್ಕದಲ್ಲಿಟ್ಟು ಓದಿದರೆ, ಸುಲ್ತಾನನ ಆದರ್ಶದ ಬೆಲೆಯನ್ನು ದಕ್ಷಿಣದ ತುದಿಯಲ್ಲಿ ತೆತ್ತವರ ಲೆಕ್ಕವೂ ರಂಗಕ್ಕೆ ಬರುತ್ತದೆ.